ಒಂದೇ ಅಂಕಿಗೆ ಇಳಿಯದ ವೇಗ

ಲ್ಯಾಪ್‌ಟಾಪ್ ಅಂಗಡಿಯ ಬೆಲೆಚೀಟಿಯಲ್ಲಿ, ಮೊಬೈಲ್ ಬಿಡುಗಡೆಯ ವೇದಿಕೆಯ ಪರದೆಯಲ್ಲಿ, ಕಾಲೇಜಿನ ಕಂಪ್ಯೂಟರ್ ಲ್ಯಾಬಿಗಾಗಿ ಕರೆಯುವ ಟೆಂಡರಿನಲ್ಲಿ ಪ್ರೊಸೆಸರಿನ ಹೆಸರಿನ ಪಕ್ಕ ಒಂದು ಅಂಕಿ ಕಾಣಿಸಿಕೊಳ್ಳುತ್ತದೆ. ಎಷ್ಟು ಗಿಗಾಹರ್ಟ್ಸ್, ಆಂಟುಟು ಪರೀಕ್ಷೆಯಲ್ಲಿ ಎಷ್ಟು ಲಕ್ಷ, ಗೀಕ್‌ಬೆಂಚಿನಲ್ಲಿ ಎಷ್ಟು ಸಾವಿರ, ಈಚೆಗೆ ಎಷ್ಟು ಟಾಪ್ಸ್. ಅಂಕಿ ದೊಡ್ಡದಾದರೆ ಚಿಪ್ ವೇಗದ್ದು, ಅಲ್ಲಿಗೆ ಮಾತು ಮುಗಿಯಿತು ಎಂದು ಕೊಳ್ಳುವವರೂ ಮಾರುವವರೂ ವಿಮರ್ಶೆ ಬರೆಯುವವರೂ ನಂಬಿದ್ದಾರೆ. ಈ ನಂಬಿಕೆ ಬುಡದಲ್ಲೇ ತಪ್ಪು. ಅಂದಾಜಿನಲ್ಲಿ ಒಂದಿಷ್ಟು ಹೆಚ್ಚುಕಡಿಮೆಯಾಗುವ ಬಗೆಯ ತಪ್ಪಾಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಇಲ್ಲಿ ಆಗಿರುವುದು, ಚಿಪ್ಪಿನಲ್ಲಿ ಇಲ್ಲದ ಗುಣವನ್ನು ಚಿಪ್ಪಿಗೆ ಅಂಟಿಸುವ ತಪ್ಪು. ಒಂದು ಚಿಪ್ಪಿನ ಅಗಲ ಎಷ್ಟು, ಅದರಲ್ಲಿ ಎಷ್ಟು ಟ್ರಾನ್ಸಿಸ್ಟರುಗಳಿವೆ ಎಂಬುದು ಚಿಪ್ಪಿಗೇ ಸೇರಿದ ಸಂಗತಿ. ಯಾರು ಎಲ್ಲಿ ಬಳಸಿದರೂ ಅದು ಬದಲಾಗದು. ವೇಗ ಹಾಗಲ್ಲ. ಕೆಲಸ ಯಾವುದು, ಅದಕ್ಕೆ ಬರೆದ ಪ್ರೋಗ್ರಾಮ್ ಹೇಗಿದೆ, ಆ ಪ್ರೋಗ್ರಾಮನ್ನು ಯಂತ್ರದ ಆದೇಶಗಳಾಗಿ ಇಳಿಸಿದ ಕಂಪೈಲರ್ ಯಾವುದು, ದತ್ತಾಂಶ ಎಷ್ಟು ದೂರದಲ್ಲಿದೆ, ಯಂತ್ರದ ಶಾಖ ಎಲ್ಲಿಗೆ ಹೋಗುತ್ತದೆ, ಇವೆಲ್ಲ ಕೂಡಿದ ಮೇಲೆ ಹುಟ್ಟುವ ಫಲ ಅದು. ಕೆಲಸದ ಹೆಸರು ಹೇಳದೆ ಪ್ರೊಸೆಸರಿನ ವೇಗ ಹೇಳುವ ಯಾವ ಮಾತಿಗೂ ಅರ್ಥವಿಲ್ಲ.

ಗಡಿಯಾರದ ಲೆಕ್ಕದಿಂದಲೇ ಶುರುಮಾಡೋಣ. ಒಂದು ಗಿಗಾಹರ್ಟ್ಸ್ ಎಂದರೆ ಪ್ರೊಸೆಸರಿನೊಳಗಿನ ಗಡಿಯಾರ ಸೆಕೆಂಡಿಗೆ ನೂರು ಕೋಟಿ ಸಲ ಮಿಡಿಯುತ್ತದೆ ಎಂದಷ್ಟೇ. ಒಂದು ಪ್ರೋಗ್ರಾಮ್ ಮುಗಿಯಲು ಹಿಡಿಯುವ ಹೊತ್ತು ಮೂರು ಸಂಗತಿಗಳ ಗುಣಲಬ್ಧ: ಎಷ್ಟು ಆದೇಶಗಳನ್ನು ನಡೆಸಬೇಕು, ಒಂದು ಆದೇಶಕ್ಕೆ ಸರಾಸರಿ ಎಷ್ಟು ಮಿಡಿತ ಬೇಕು, ಒಂದು ಮಿಡಿತಕ್ಕೆ ಎಷ್ಟು ಹೊತ್ತು. ಗಿಗಾಹರ್ಟ್ಸ್ ಈ ಮೂರರಲ್ಲಿ ಕೊನೆಯದನ್ನು ಮಾತ್ರ ಹೇಳಿ ಉಳಿದೆರಡನ್ನು ಮುಚ್ಚಿಡುತ್ತದೆ. ಮುಚ್ಚಿಟ್ಟದ್ದರ ಬೆಲೆ ಎಷ್ಟು ಎಂಬುದನ್ನು ಇಂಟೆಲ್ ಕಂಪನಿಯ ಪೆಂಟಿಯಂ 4 ತೋರಿಸಿಕೊಟ್ಟಿತು. 2000ದ ನವೆಂಬರಿನಲ್ಲಿ 1.4 ಮತ್ತು 1.5 ಗಿಗಾಹರ್ಟ್ಸ್ ವೇಗದಲ್ಲಿ ಬಂದ ಆ ಚಿಪ್, ಒಂದೊಂದು ಆದೇಶವನ್ನು ನಡೆಸುವ ದಾರಿಯನ್ನು 20 ಹಂತಗಳಾಗಿ ಒಡೆದಿತ್ತು. ಅದರ ಹಿಂದಿನ ಪೆಂಟಿಯಂ 3ರಲ್ಲಿ ಇದ್ದದ್ದು 10 ಹಂತ. ಹಂತ ಹೆಚ್ಚಾದಷ್ಟೂ ಪ್ರತಿ ಹಂತದ ಕೆಲಸ ಚಿಕ್ಕದಾಗುತ್ತದೆ, ಹಾಗಾಗಿ ಗಡಿಯಾರವನ್ನು ಬೇಗ ಬೇಗ ಮಿಡಿಸಬಹುದು. ಆದರೆ ಪ್ರೋಗ್ರಾಮು ಎರಡು ದಾರಿಗಳಾಗಿ ಕವಲೊಡೆಯುವಲ್ಲಿ ಪ್ರೊಸೆಸರ್ ಒಂದು ದಾರಿಯನ್ನು ಊಹಿಸಿ ಮುಂದೆ ನಡೆದಿರುತ್ತದೆ; ಊಹೆ ತಪ್ಪಿದರೆ ಅಷ್ಟೂ ಹಂತಗಳಲ್ಲಿ ಅರ್ಧ ಮುಗಿದ ಕೆಲಸವನ್ನು ಎಸೆದು ಮತ್ತೆ ಮೊದಲಿಂದ ಆರಂಭಿಸಬೇಕು. ಫಲವಾಗಿ ಹೊಸ 1.4 ಗಿಗಾಹರ್ಟ್ಸ್ ಚಿಪ್ ಹಲವು ದಿನಬಳಕೆಯ ಕೆಲಸಗಳಲ್ಲಿ ಹಳೆಯ 1 ಗಿಗಾಹರ್ಟ್ಸ್ ಪೆಂಟಿಯಂ 3ಕ್ಕಿಂತ ಹಿಂದೆ ಬಿದ್ದಿತು. ಆದರೂ ಮಾರುಕಟ್ಟೆ ಗಿಗಾಹರ್ಟ್ಸ್ ನೋಡಿಯೇ ಹಣ ಕೊಡುತ್ತಿತ್ತು. ಎದುರಾಳಿ ಎಎಂಡಿ 2001ರಲ್ಲಿ 1.53 ಗಿಗಾಹರ್ಟ್ಸ್‌ನ ತನ್ನ ಚಿಪ್ಪಿಗೆ ಅಥ್ಲಾನ್ ಎಕ್ಸ್‌ಪಿ 1800+ ಎಂದು ಹೆಸರಿಟ್ಟು, ನಿಜವಾದ ಗಡಿಯಾರದ ಅಂಕಿಯನ್ನು ಹಿಂದೆ ಸರಿಸಬೇಕಾಯಿತು. ಇಂಟೆಲ್ 2004ರಲ್ಲಿ ಹಂತಗಳನ್ನು 31ಕ್ಕೆ ಏರಿಸಿತು. ಚಿಪ್ ಕಾದು ಕೆಂಡವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ 4 ಗಿಗಾಹರ್ಟ್ಸ್ ಪೆಂಟಿಯಂ 4ರ ಯೋಜನೆಯನ್ನೇ ಕಂಪನಿ ಕೈಬಿಟ್ಟಿತು. 2006ರಲ್ಲಿ ಇಂಟೆಲ್ ತಾನೇ ತಂದ ಕೋರ್ 2 ಡ್ಯುವೊ, 2.4 ಗಿಗಾಹರ್ಟ್ಸ್‌ನಲ್ಲಿ ನಡೆದು 3.8 ಗಿಗಾಹರ್ಟ್ಸ್‌ನ ಪೆಂಟಿಯಂ 4ನ್ನು ಬಹುತೇಕ ಎಲ್ಲ ಕೆಲಸಗಳಲ್ಲಿ ಹಿಂದಿಕ್ಕಿತು. ಒಂದು ಅಂಕಿಯನ್ನು ಜನ ಬೆನ್ನುಹತ್ತಿದ್ದರಿಂದ ಒಂದು ದೊಡ್ಡ ಉದ್ಯಮ ಐದಾರು ವರ್ಷ ತಪ್ಪು ದಿಕ್ಕಿನಲ್ಲಿ ಚಿಪ್ ಕಟ್ಟಿತು. ಅಳತೆ ಕೆಟ್ಟರೆ ಅಳೆಯುವ ವಸ್ತುವೂ ಕೆಡುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇಷ್ಟು ಹೇಳಿದ ಕೂಡಲೇ ಒಂದು ಉತ್ತರ ಬರುತ್ತದೆ: ಗಿಗಾಹರ್ಟ್ಸ್ ನಂಬುವ ಕಾಲ ಹೋಯಿತು, ಈಗ ನಿಜವಾದ ಪ್ರೋಗ್ರಾಮುಗಳನ್ನು ಓಡಿಸಿ ಅಳೆಯುವ ಬೆಂಚ್‌ಮಾರ್ಕುಗಳಿವೆ, ಅವುಗಳ ಸ್ಕೋರನ್ನು ನಂಬಬಹುದು. ನನ್ನ ತಕರಾರು ಇರುವುದೇ ಇಲ್ಲಿ. ಗಿಗಾಹರ್ಟ್ಸ್ ಬಿಟ್ಟು ಸ್ಕೋರ್ ಹಿಡಿದವರು ತಪ್ಪನ್ನು ಬಿಟ್ಟಿಲ್ಲ, ಅಂಕಿಯನ್ನು ಬದಲಿಸಿಕೊಂಡಿದ್ದಾರೆ. ಈ ಬದಲಾವಣೆಯೂ ಹೊಸತಲ್ಲ. 1977ರಲ್ಲಿ ಬಂದ ವ್ಯಾಕ್ಸ್-11/780 ಎಂಬ ಕಂಪ್ಯೂಟರನ್ನು ಇಡೀ ಉದ್ಯಮ ಸೆಕೆಂಡಿಗೆ ಹತ್ತು ಲಕ್ಷ ಆದೇಶ ನಡೆಸುವ ಯಂತ್ರವೆಂದು ಒಪ್ಪಿಕೊಂಡು, ಮುಂದೆ ಬಂದ ಯಂತ್ರಗಳನ್ನೆಲ್ಲ ಅದರ ಇಷ್ಟು ಪಟ್ಟು ಎಂದು ಅಳೆಯಿತು. 1984ರಲ್ಲಿ ಜೋಯೆಲ್ ಎಮರ್ ಮತ್ತು ಡಗ್ಲಸ್ ಕ್ಲಾರ್ಕ್ ಆ ಯಂತ್ರವನ್ನು ಒಳಗಿನಿಂದ ಅಳೆದರು. ಒಂದು ಆದೇಶಕ್ಕೆ ಸರಾಸರಿ 10.6 ಮಿಡಿತ ಬೇಕಾಗುತ್ತಿತ್ತು. ಸೆಕೆಂಡಿಗೆ 50 ಲಕ್ಷ ಮಿಡಿತದ ಯಂತ್ರ ಹಾಗಾದರೆ ನಡೆಸುತ್ತಿದ್ದದ್ದು ಸುಮಾರು ಐದು ಲಕ್ಷ ಆದೇಶ. ಅಳತೆಗೋಲೇ ಅರ್ಧದಷ್ಟು ಕುಳ್ಳಾಗಿತ್ತು. ಅದೇ ವರ್ಷ ರೈನ್‌ಹೋಲ್ಡ್ ವೈಕರ್ ಬರೆದ ಡ್ರೈಸ್ಟೋನ್ ಎಂಬ ಪುಟ್ಟ ಪರೀಕ್ಷಾ ಪ್ರೋಗ್ರಾಮ್ ಈ ಅಳತೆಗೆ ಹೊಸ ಆಧಾರವಾಯಿತು. ಅದು ಎಷ್ಟು ಪುಟ್ಟದೆಂದರೆ ಪ್ರೊಸೆಸರಿನ ಒಳಗಿನ ಕ್ಯಾಶ್ ನೆನಪಿನಲ್ಲೇ ಪೂರ್ತಿ ಹಿಡಿಸುತ್ತದೆ. ಹೊರಗಿನ ನಿಧಾನದ ಮೆಮೊರಿಗೆ ಹೋಗುವ ಪ್ರಮೇಯವೇ ಬರುವುದಿಲ್ಲ. ಚುರುಕಾದ ಕಂಪೈಲರುಗಳು ಅದರ ಕೆಲವು ಭಾಗಗಳನ್ನು ಫಲ ಬಳಕೆಯಾಗದ ಲೆಕ್ಕವೆಂದು ಗುರುತಿಸಿ ತೆಗೆದೇ ಹಾಕುತ್ತಿದ್ದವು. ಮಾಡದ ಕೆಲಸಕ್ಕೆ ಅಂಕ ಬೀಳುತ್ತಿತ್ತು.

ಇಂಥ ಆಟಿಕೆ ಪ್ರೋಗ್ರಾಮುಗಳಿಂದ ಬೇಸತ್ತ ಕಂಪ್ಯೂಟರ್ ತಯಾರಕರು 1988ರಲ್ಲಿ ಸ್ಪೆಕ್ ಎಂಬ ಸಂಸ್ಥೆಯನ್ನು ಕಟ್ಟಿಕೊಂಡರು. ನಿಜವಾದ ಪ್ರೋಗ್ರಾಮುಗಳನ್ನೇ ಓಡಿಸಬೇಕು, ನಿಯಮ ಎಲ್ಲರಿಗೂ ಒಂದೇ ಇರಬೇಕು, ಯಂತ್ರದ ವಿವರ ಪೂರ್ತಿ ಬಹಿರಂಗವಾಗಿರಬೇಕು ಎಂಬುದು ಅದರ ಹಟ. ಈ ಕ್ಷೇತ್ರದಲ್ಲಿ ಆಗಿರುವ ಅತ್ಯಂತ ಪ್ರಾಮಾಣಿಕ ಪ್ರಯತ್ನ ಇದೇ ಎಂದು ಒಪ್ಪಿಕೊಂಡೇ ನನ್ನ ವಾದವನ್ನು ಇದರ ಎದುರು ನಿಲ್ಲಿಸುತ್ತೇನೆ. 1989ರ ಮೊದಲ ಸಂಪುಟದ ಹತ್ತು ಪ್ರೋಗ್ರಾಮುಗಳಲ್ಲಿ ಮ್ಯಾಟ್ರಿಕ್ಸ್300 ಎಂಬುದೊಂದಿತ್ತು. ಅದರ ಓಟದ ಶೇಕಡಾ 99ರಷ್ಟು ಹೊತ್ತು ಒಂದೇ ಒಂದು ಸಾಲಿನಲ್ಲಿ ಕಳೆಯುತ್ತಿತ್ತು. ಆ ಸಾಲಿನ ಲೆಕ್ಕವನ್ನು ಕ್ಯಾಶಿಗೆ ಹೊಂದುವಂತೆ ತುಂಡು ತುಂಡಾಗಿ ಮಾಡುವುದನ್ನು ಐಬಿಎಂ ಯಂತ್ರದ ಹೊಸ ಕಂಪೈಲರಿಗೆ ಕಲಿಸಿದಾಗ ಆ ಪ್ರೋಗ್ರಾಮ್ ಒಮ್ಮೆಲೇ ಒಂಬತ್ತು ಪಟ್ಟು ಚುರುಕಾಯಿತು. ಪ್ರೊಸೆಸರ್ ಇದ್ದಂತೆಯೇ ಇತ್ತು. 1992ರ ಸಂಪುಟದಿಂದ ಮ್ಯಾಟ್ರಿಕ್ಸ್300 ಹೊರಬಿತ್ತು. ಅದು ಆಗಿನ ಕಾಲದ ಎಳಸುತನ, ಈಗ ಸುಧಾರಿಸಿದೆ ಎನ್ನುವವರು 2024ರ ಫೆಬ್ರವರಿಯ ಸಂಗತಿಯನ್ನು ನೋಡಲಿ. ಇಂಟೆಲ್ ಕಂಪೈಲರ್ ತನ್ನ ಎದುರಿನ ಪ್ರೋಗ್ರಾಮನ್ನೂ ದತ್ತಾಂಶವನ್ನೂ ಮೊದಲೇ ತಿಳಿದುಕೊಂಡು, ಎಕ್ಸ್‌ಎಂಎಲ್ ಕಡತಗಳನ್ನು ಪರಿವರ್ತಿಸುವ ಒಂದು ಪರೀಕ್ಷೆಗೆ ಮಾತ್ರ ಹೊಂದುವಂತೆ ವಿಶೇಷ ಬದಲಾವಣೆ ಮಾಡುತ್ತಿದೆ ಎಂದು ಸ್ಪೆಕ್ ತೀರ್ಮಾನಿಸಿತು. ಆ ಕಂಪೈಲರಿನಿಂದ ಪಡೆದು ಪ್ರಕಟವಾಗಿದ್ದ 2600ಕ್ಕೂ ಹೆಚ್ಚು ಫಲಿತಾಂಶಗಳಿಗೆ ಅಸಿಂಧುವೆಂಬ ಟಿಪ್ಪಣಿ ಬಿತ್ತು. ಪ್ರಶ್ನೆಪತ್ರಿಕೆ ವರ್ಷಗಟ್ಟಲೆ ಮುಂಚೆ ಎಲ್ಲರ ಕೈಯಲ್ಲಿರುವ ಪರೀಕ್ಷೆಯಲ್ಲಿ ಅಂಕ ಹೆಚ್ಚು ಬರುವುದು ಸಹಜ. ಆ ಅಂಕ ಓದಿನ ಆಳವನ್ನು ಹೇಳುವುದಿಲ್ಲ.

ಇಲ್ಲಿ ತಪ್ಪಿತಸ್ಥರು ಒಂದಿಬ್ಬರು ಕಿಡಿಗೇಡಿಗಳು, ಅವರನ್ನು ಹಿಡಿದು ಹೊರಹಾಕಿದರೆ ಅಳತೆ ಶುದ್ಧವಾಗುತ್ತದೆ ಎಂದು ವಾದಿಸಬಹುದು. ಮೊಬೈಲ್ ಲೋಕದ ಅನುಭವ ಈ ಭರವಸೆಗೆ ಆಸರೆ ಕೊಡುವುದಿಲ್ಲ. 2013ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್4ರ ಗ್ರಾಫಿಕ್ಸ್ ಭಾಗ ಕೆಲವು ಪರೀಕ್ಷಾ ಆ್ಯಪ್‌ಗಳು ತೆರೆದಾಗ ಮಾತ್ರ 533 ಮೆಗಾಹರ್ಟ್ಸ್‌ಗೆ ಏರುತ್ತಿದ್ದುದು ಬಯಲಾಯಿತು. 2018ರಲ್ಲಿ ಹುವಾವೇ ಫೋನುಗಳು 3ಡಿಮಾರ್ಕ್ ಪಟ್ಟಿಯಿಂದ, 2021ರಲ್ಲಿ ಒನ್‌ಪ್ಲಸ್ 9 ಸರಣಿ ಗೀಕ್‌ಬೆಂಚ್ ಪಟ್ಟಿಯಿಂದ ಹೊರಬಿದ್ದವು. 2022ರಲ್ಲಿ ಸ್ಯಾಮ್‌ಸಂಗಿನ ನಾಲ್ಕು ತಲೆಮಾರಿನ ಗ್ಯಾಲಕ್ಸಿ ಎಸ್ ಫೋನುಗಳಿಗೂ ಅದೇ ಗತಿಯಾಯಿತು: ಅವು ಸಾವಿರಾರು ಸಾಮಾನ್ಯ ಆ್ಯಪ್‌ಗಳನ್ನು ನಿಧಾನಗೊಳಿಸಿ ಬೆಂಚ್‌ಮಾರ್ಕ್ ಆ್ಯಪ್‌ಗಳನ್ನು ಮಾತ್ರ ಮುಟ್ಟದೆ ಬಿಟ್ಟಿದ್ದವು. ಪರೀಕ್ಷಾ ಆ್ಯಪ್‌ಗೆ ಒಂದು ಜನಪ್ರಿಯ ಆಟದ ಹೆಸರಿಟ್ಟು ಓಡಿಸಿದರೆ ಅದೇ ಫೋನಿನಲ್ಲಿ ಸ್ಕೋರ್ ಕುಸಿಯುತ್ತಿತ್ತು. ಸುಮಾರು ಹತ್ತು ವರ್ಷಗಳ ಅಂತರದಲ್ಲಿ ಬೇರೆ ಬೇರೆ ಕಂಪನಿಗಳು ಒಂದೇ ಕೆಲಸ ಮಾಡಿದವೆಂದರೆ ಕಾರಣ ಅವರವರ ನಡತೆಯಲ್ಲಿ ಮಾತ್ರ ಇಲ್ಲ. ಜನ ಅಂಕಿ ನೋಡಿ ಕೊಳ್ಳುತ್ತಾರೆ. ತಯಾರಕರು ಅಂಕಿಯನ್ನು ತಯಾರಿಸುತ್ತಾರೆ. ಬೇಡಿಕೆ ಇರುವ ತನಕ ಸರಕು ಬರುತ್ತದೆ.

ಆದರೂ ಮೋಸದ ಕಥೆಗಳ ಮೇಲೆ ನನ್ನ ವಾದವನ್ನು ಕಟ್ಟಲು ಇಷ್ಟವಿಲ್ಲ. ಮೋಸವೇ ಇಲ್ಲದ, ಪೂರ್ತಿ ಪ್ರಾಮಾಣಿಕವಾದ ಪರೀಕ್ಷೆಯೂ ಒಂದೇ ಅಂಕಿಗೆ ಇಳಿದ ಕ್ಷಣದಲ್ಲಿ ಸತ್ಯವನ್ನು ಕಳೆದುಕೊಳ್ಳುತ್ತದೆ. ಎರಡು ಯಂತ್ರ, ಎರಡು ಪ್ರೋಗ್ರಾಮ್ ಇಟ್ಟುಕೊಂಡು ಲೆಕ್ಕ ಮಾಡಿ ನೋಡಿ. ಮೊದಲ ಯಂತ್ರ ಒಂದನ್ನು 2 ಸೆಕೆಂಡಿನಲ್ಲಿ, ಇನ್ನೊಂದನ್ನು 800 ಸೆಕೆಂಡಿನಲ್ಲಿ ಮುಗಿಸುತ್ತದೆ. ಎರಡನೆಯದು ಅವನ್ನೇ 20 ಮತ್ತು 80 ಸೆಕೆಂಡುಗಳಲ್ಲಿ ಮುಗಿಸುತ್ತದೆ. ಸ್ಪೆಕ್ ಸೇರಿದಂತೆ ಬಹಳಷ್ಟು ಬೆಂಚ್‌ಮಾರ್ಕುಗಳು ಬಳಸುವುದು ಗುಣೋತ್ತರ ಸರಾಸರಿಯನ್ನು, ಅಂದರೆ ಎರಡು ಸಮಯಗಳಿದ್ದರೆ ಅವನ್ನು ಗುಣಿಸಿ ವರ್ಗಮೂಲ ತೆಗೆಯುವ ಕ್ರಮವನ್ನು. ಎರಡೂ ಯಂತ್ರಗಳಿಗೆ ಬರುವ ಗುಣಲಬ್ಧ 1600, ಸರಾಸರಿ 40. ಸ್ಕೋರಿನ ಪ್ರಕಾರ ಎರಡೂ ಸಮ. ಎರಡು ಕೆಲಸವನ್ನೂ ಒಂದೊಂದು ಸಲ ಮಾಡಬೇಕಾದವನಿಗೆ ಮೊದಲ ಯಂತ್ರ ಹಿಡಿಯುವುದು 802 ಸೆಕೆಂಡು, ಎರಡನೆಯದು 100 ಸೆಕೆಂಡು. ಎಂಟು ಪಟ್ಟು ವ್ಯತ್ಯಾಸವನ್ನು ಆ ಸರಾಸರಿ ನುಂಗಿಹಾಕಿತು. ಮೊದಲ ಪ್ರೋಗ್ರಾಮನ್ನಷ್ಟೇ ದಿನವೂ ನೂರು ಸಲ ಓಡಿಸುವವನಿಗೆ ತೀರ್ಪು ಪೂರ್ತಿ ತಿರುಗುಮುರುಗಾಗುತ್ತದೆ. ಗುಣೋತ್ತರ ಸರಾಸರಿಯನ್ನು 1986ರಲ್ಲಿ ಫ್ಲೆಮಿಂಗ್ ಮತ್ತು ವ್ಯಾಲೇಸ್ ಸಮರ್ಥಿಸಿದರು. ಯಾವ ಯಂತ್ರವನ್ನು ಆಧಾರವಾಗಿಟ್ಟುಕೊಂಡು ಅನುಪಾತ ತೆಗೆದರೂ ಯಂತ್ರಗಳ ಸರದಿ ಬದಲಾಗದು ಎಂಬುದು ಅವರ ಕಾರಣ. ಎರಡೇ ವರ್ಷಕ್ಕೆ ಜೇಮ್ಸ್ ಸ್ಮಿತ್ ಇದನ್ನು ಎದುರಿಸಿ, ಒಟ್ಟು ಹಿಡಿದ ಸಮಯಕ್ಕೆ ತಾಳೆಯಾಗದ ಯಾವ ಸರಾಸರಿಯೂ ಅಳತೆಯಲ್ಲ ಎಂದು ವಾದಿಸಿದರು. ನಾನು ಸ್ಮಿತ್ ಅವರ ಪಕ್ಷ. ಗಣಿತದಲ್ಲಿ ಅಂದವಾಗಿ ನಿಂತರೆ ಸಾಲದು. ಆ ಸಂಖ್ಯೆ ಯಾರೋ ಒಬ್ಬರು ಕಾಯುವ ಹೊತ್ತಿಗೆ ಸಂಬಂಧಪಟ್ಟಿರಬೇಕು.

ಹಾಗಾದರೆ ಸರಾಸರಿಯ ಬಗೆಯನ್ನು ಬದಲಿಸಿ, ಒಂದೊಂದು ಕೆಲಸಕ್ಕೂ ತೂಕ ಕೊಟ್ಟು ಕೂಡಿಸಿದರಾಯಿತು ಎನ್ನಬಹುದು. ತೂಕ ಕೊಡುವವರು ಯಾರು? ಗೀಕ್‌ಬೆಂಚ್ 5 ತನ್ನ ಸ್ಕೋರಿನಲ್ಲಿ ಪೂರ್ಣಾಂಕಗಳ ಲೆಕ್ಕಕ್ಕೆ ಶೇಕಡಾ 65, ದಶಮಾಂಶ ಲೆಕ್ಕಕ್ಕೆ 30, ಗೂಢಲಿಪಿಯ ಕೆಲಸಕ್ಕೆ 5 ಎಂದು ಹಂಚಿತ್ತು. ಬದುಕಿನ ಕೆಲಸ ಇದೇ ಪ್ರಮಾಣದಲ್ಲಿ ಹಂಚಿಹೋಗಿರುವ ಮನುಷ್ಯ ಎಲ್ಲಿದ್ದಾನೆ? 2023ರಲ್ಲಿ ಬಂದ ಗೀಕ್‌ಬೆಂಚ್ 6 ಹಲವು ಕೋರುಗಳನ್ನು, ಅಂದರೆ ಒಂದೇ ಚಿಪ್ಪಿನೊಳಗೆ ಬೇರೆ ಬೇರೆಯಾಗಿ ಲೆಕ್ಕ ಮಾಡುವ ಘಟಕಗಳನ್ನು, ಅಳೆಯುವ ಕ್ರಮವನ್ನೇ ಬದಲಿಸಿತು. ಮೊದಲು ಒಂದೊಂದು ಕೋರಿಗೂ ಕೆಲಸದ ಬೇರೆ ಬೇರೆ ಪ್ರತಿ ಕೊಟ್ಟು ಓಡಿಸುತ್ತಿದ್ದದ್ದನ್ನು ಬಿಟ್ಟು, ಎಲ್ಲ ಕೋರುಗಳೂ ಒಂದೇ ಕೆಲಸವನ್ನು ಹಂಚಿಕೊಂಡು ಮಾಡುವಂತೆ ಮಾಡಿತು. ಒಂದೇ ಕೆಲಸವನ್ನು ಬಹಳ ಜನ ಹಂಚಿಕೊಂಡಾಗ ಒಬ್ಬರಿಗೊಬ್ಬರು ಕಾಯುವುದೂ ಹೆಚ್ಚುತ್ತದೆ. ಹೀಗಾಗಿ ಹತ್ತಾರು ಕೋರುಗಳ ಚಿಪ್ಪುಗಳಿಗೆ ಹಿಂದಿದ್ದ ದೊಡ್ಡ ಮೇಲುಗೈ ಹೊಸ ಪಟ್ಟಿಯಲ್ಲಿ ಉಳಿಯಲಿಲ್ಲ. ಮನೆಬಳಕೆಯ ಮಟ್ಟಿಗೆ ಹೊಸ ಕ್ರಮ ಹೆಚ್ಚು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಚಿಪ್ಪುಗಳಲ್ಲಿ ಒಂದು ಟ್ರಾನ್ಸಿಸ್ಟರೂ ಬದಲಾಗದೆ ಅವುಗಳ ನಡುವಿನ ಅಂತರ ಬದಲಾಯಿತು. ಹಾಗಿದ್ದ ಮೇಲೆ ಆ ಅಂಕಿ ಹೇಳುತ್ತಿದ್ದದ್ದು ಚಿಪ್ಪಿನ ವಿಷಯವೋ, ಪರೀಕ್ಷೆ ಬರೆದವರ ಆಯ್ಕೆಯ ವಿಷಯವೋ?

ಈ ಆಯ್ಕೆಗಳ ಹಿಂದೆ ಒಂದು ಭೌತಿಕ ಕಾರಣವಿದೆ. ಇಂದಿನ ಪ್ರೊಸೆಸರ್ ಬಹಳ ಹೊತ್ತು ಮಾಡುವ ಕೆಲಸ ಲೆಕ್ಕವಲ್ಲ, ಕಾಯುವುದು. 4 ಗಿಗಾಹರ್ಟ್ಸ್‌ನಲ್ಲಿ ಒಂದು ಮಿಡಿತ ಕಾಲು ನ್ಯಾನೊಸೆಕೆಂಡು. ಹೊರಗಿನ ಮೆಮೊರಿಯಿಂದ ಒಂದು ತುಣುಕು ತರಲು ಹಿಡಿಯುವುದು ಸುಮಾರು 80 ನ್ಯಾನೊಸೆಕೆಂಡು. ಬೇಕಾದದ್ದು ಕ್ಯಾಶಿನಲ್ಲಿ ಸಿಗದಿದ್ದರೆ 320 ಮಿಡಿತಗಳು ಬರಿದಾಗಬಹುದು. ಎಎಂಡಿ 2022ರ ಏಪ್ರಿಲಿನಲ್ಲಿ ತಂದ ರೈಜೆನ್ 7 5800ಎಕ್ಸ್3ಡಿ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಅದರ ಅಣ್ಣನಾದ 5800ಎಕ್ಸ್ 4.7 ಗಿಗಾಹರ್ಟ್ಸ್ ತನಕ ಏರುತ್ತಿತ್ತು, 32 ಮೆಗಾಬೈಟಿನ ಕೊನೆಯ ಹಂತದ ಕ್ಯಾಶ್ ಇತ್ತು. ಹೊಸದು ಏರುವುದು 4.5ರ ತನಕ ಮಾತ್ರ, ಕ್ಯಾಶ್ 96 ಮೆಗಾಬೈಟ್. ಕೋರುಗಳ ವಿನ್ಯಾಸ ಒಂದೇ. ದೊಡ್ಡ ಲೋಕವನ್ನೇ ಮೆಮೊರಿಯಲ್ಲಿಟ್ಟುಕೊಂಡು ನಡೆಯುವ ಆಟಗಳಲ್ಲಿ ಹೊಸ ಚಿಪ್ ಸ್ಪಷ್ಟವಾಗಿ ಮುಂದೆ. ಮೂರು ಆಯಾಮದ ಚಿತ್ರ ಬಿಡಿಸುವಂಥ, ಕ್ಯಾಶಿನಲ್ಲಿ ಹಿಡಿಸುವ ಕೆಲಸಗಳಲ್ಲಿ ಹಳೆಯದೇ ಮುಂದೆ. ಇವೆರಡರಲ್ಲಿ ಯಾವುದು ವೇಗದ್ದು ಎಂದು ಕೇಳಿದರೆ ಏನು ಹೇಳಬೇಕು? ಯಾವ ಕೆಲಸಕ್ಕೆ ಎಂದು ಮರಳಿ ಕೇಳುವುದನ್ನು ಬಿಟ್ಟು ಬೇರೆ ಉತ್ತರವಿಲ್ಲ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಭದ್ರತಾ ದೋಷಗಳು ಹೊರಬಂದಾಗಲೂ ಇದೇ ಪಾಠ. ಅವಕ್ಕೆ ಹಾಕಿದ ತಂತ್ರಾಂಶದ ತೇಪೆಗಳಿಂದ ಆಟಗಳಿಗೆ ತೊಂದರೆ ತಟ್ಟಿದ್ದು ಕಡಿಮೆ. ಆಪರೇಟಿಂಗ್ ಸಿಸ್ಟಂನ ಬಾಗಿಲನ್ನು ಮತ್ತೆ ಮತ್ತೆ ತಟ್ಟುವ ಡೇಟಾಬೇಸ್ ಕೆಲಸಗಳು ಎದ್ದುಕಾಣುವಷ್ಟು ನಿಧಾನವಾದವು.

ಶಾಖದ ಮಾತನ್ನು ಬಿಡುವಂತಿಲ್ಲ, ನಮ್ಮ ಹವೆಯಲ್ಲಿ ಬದುಕುವವರಂತೂ ಬಿಡಲೇಬಾರದು. ಗಡಿಯಾರ ಏರಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕು. ಖರ್ಚಾಗುವ ವಿದ್ಯುತ್ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹೀಗಾಗಿ ಕೊನೆಯ ಒಂದಿಷ್ಟು ವೇಗಕ್ಕೆ ತೆರುವ ಶಾಖ ವಿಪರೀತ. ಅದಕ್ಕೇ ಪ್ರೊಸೆಸರುಗಳು ಮೊದಲ ಕೆಲವು ಸೆಕೆಂಡು ಜಿಗಿದು ಆಮೇಲೆ ತಗ್ಗುತ್ತವೆ. ಇಂಟೆಲಿನ ಕೋರ್ ಐ7-1165ಜಿ7 ಎಂಬ ಒಂದೇ ಹೆಸರಿನ ಚಿಪ್ಪನ್ನು ಲ್ಯಾಪ್‌ಟಾಪ್ ತಯಾರಕರು 12 ವ್ಯಾಟಿನಿಂದ 28 ವ್ಯಾಟಿನವರೆಗೆ ತಮಗೆ ಬೇಕಾದಲ್ಲಿ ನಿಲ್ಲಿಸಿಕೊಳ್ಳಬಹುದಿತ್ತು. ತೆಳು ಲ್ಯಾಪ್‌ಟಾಪಿನಲ್ಲಿರುವುದಕ್ಕೂ ದೊಡ್ಡ ಫ್ಯಾನಿರುವ ಲ್ಯಾಪ್‌ಟಾಪಿನಲ್ಲಿರುವುದಕ್ಕೂ ಅರ್ಧ ಗಂಟೆಯ ವಿಡಿಯೊ ಕೆಲಸದಲ್ಲಿ ಹೋಲಿಕೆಯೇ ಇರುವುದಿಲ್ಲ. ಚೀಟಿಯಲ್ಲಿ ಎರಡಕ್ಕೂ ಒಂದೇ ಹೆಸರು. ಸಿನೆಬೆಂಚ್ ಎಂಬ ಪರೀಕ್ಷೆಯನ್ನು ಬರೆದವರೇ 2020ರ ಆವೃತ್ತಿಯಲ್ಲಿ ಹತ್ತು ನಿಮಿಷ ಸತತವಾಗಿ ಓಡಿಸುವುದನ್ನು ರೂಢಿಯ ಕ್ರಮ ಮಾಡಿದರು, ಏಕೆಂದರೆ ಚಿಕ್ಕ ಓಟ ಈ ತಗ್ಗುವಿಕೆಯನ್ನು ಕಾಣಗೊಡುತ್ತಿರಲಿಲ್ಲ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಬಿಸಿಲಲ್ಲಿ ಕೈಯಲ್ಲಿ ಹಿಡಿದ ಫೋನು ತನ್ನ ಶಾಖವನ್ನು ಸುತ್ತಲಿನ ಗಾಳಿಗೆ ದಾಟಿಸಲು ಒದ್ದಾಡುತ್ತದೆ, ಬೇಗನೆ ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. ಹವಾನಿಯಂತ್ರಿತ ಕೋಣೆಯಲ್ಲಿ ತೆಗೆದ ಸ್ಕೋರಿಗೆ ಆ ಬಿಸಿಲಿನಲ್ಲಿ ಬೆಲೆಯಿಲ್ಲ. ಕೋಣೆಯ ಉಷ್ಣತೆ ಎಷ್ಟಿತ್ತು, ಎಷ್ಟು ಹೊತ್ತು ಓಡಿಸಿದಿರಿ ಎಂಬುದನ್ನು ಬರೆಯದ ವಿಮರ್ಶೆಗಳೇ ಹೆಚ್ಚು. ಇದು ದೊಡ್ಡ ಲೋಪ.

ಅತಿ ದೊಡ್ಡ ಯಂತ್ರಗಳ ಲೋಕದಲ್ಲೂ ಇದೇ ನಡೆದಿದೆ, ಅಲ್ಲಿ ತಿಳಿದವರೇ ಅದನ್ನು ಒಪ್ಪಿಕೊಂಡಿದ್ದಾರೆ. ಸೂಪರ್ ಕಂಪ್ಯೂಟರುಗಳ ಟಾಪ್500 ಪಟ್ಟಿ 1993ರಿಂದ ಲಿನ್‌ಪ್ಯಾಕ್ ಎಂಬ ಒಂದೇ ಪರೀಕ್ಷೆಯ ಮೇಲೆ ನಿಂತಿದೆ. 2022ರಲ್ಲಿ ಅಮೆರಿಕದ ಫ್ರಾಂಟಿಯರ್ 1.1 ಎಕ್ಸಾಫ್ಲಾಪ್ಸ್ (1100 ಪೆಟಾಫ್ಲಾಪ್ಸ್) ದಾಟಿ, 442 ಪೆಟಾಫ್ಲಾಪ್ಸ್‌ನ ಜಪಾನಿನ ಫುಗಾಕುವನ್ನು ಕೆಳಗಿಳಿಸಿ ಮೊದಲ ಸ್ಥಾನಕ್ಕೆ ಬಂತು. ಮೆಮೊರಿಯಲ್ಲಿ ಚದುರಿದ ದತ್ತಾಂಶವನ್ನು ಆಯ್ದು ತರಬೇಕಾದ, ಎಂಜಿನಿಯರಿಂಗ್ ಲೆಕ್ಕಗಳಿಗೆ ಹತ್ತಿರವಾದ ಎಚ್‌ಪಿಸಿಜಿ ಎಂಬ ಇನ್ನೊಂದು ಪರೀಕ್ಷೆಯಲ್ಲಿ ಅದೇ ವರ್ಷ ಫುಗಾಕು 16 ಪೆಟಾಫ್ಲಾಪ್ಸ್, ಫ್ರಾಂಟಿಯರ್ ಸುಮಾರು 14. ಎರಡೂವರೆ ಪಟ್ಟು ದೊಡ್ಡದೆನಿಸಿಕೊಂಡ ಯಂತ್ರ ಇಲ್ಲಿ ಹಿಂದೆ. ಅದು ಕಂಡದ್ದು ತನ್ನ ಲಿನ್‌ಪ್ಯಾಕ್ ಅಂಕಿಯ ಶೇಕಡಾ 1.3ರಷ್ಟನ್ನು ಮಾತ್ರ. ಈ ಎರಡನೆಯ ಪರೀಕ್ಷೆಯನ್ನು ರೂಪಿಸಿದವರಲ್ಲಿ ಒಬ್ಬರು ಲಿನ್‌ಪ್ಯಾಕಿನ ಜನಕರಲ್ಲೊಬ್ಬರಾದ ಜ್ಯಾಕ್ ಡೊಂಗಾರ ಅವರೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಪರಮ್ ಪ್ರವೇಗ ಕಾರ್ಯಾರಂಭ ಮಾಡಿದಾಗ ಸುದ್ದಿಯಾದದ್ದು 3.3 ಪೆಟಾಫ್ಲಾಪ್ಸ್ ಎಂಬ ಸಾಮರ್ಥ್ಯದ ಅಂಕಿ. ಹವಾಮಾನದ ಒಂದು ಮಾದರಿಗೆ, ಒಂದು ಪ್ರೋಟೀನಿನ ಲೆಕ್ಕಕ್ಕೆ ಹಿಂದೆ ಎಷ್ಟು ದಿನ ಹಿಡಿಯುತ್ತಿತ್ತು, ಈಗ ಎಷ್ಟು ಎಂಬುದು ಆ ಯಂತ್ರದ ಬಗ್ಗೆ ಸಾರ್ವಜನಿಕರು ಕೇಳಬೇಕಾದ ಪ್ರಶ್ನೆ.

ಈಗಿನ ಹೊಸ ಅಂಕಿ ಟಾಪ್ಸ್: ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ. 2024ರ ಮೇ ತಿಂಗಳಲ್ಲಿ ಮೈಕ್ರೊಸಾಫ್ಟ್ ತನ್ನ ಕೋಪೈಲಟ್ ಪ್ಲಸ್ ಕಂಪ್ಯೂಟರುಗಳ ಎಐ ಭಾಗಕ್ಕೆ ಕನಿಷ್ಠ 40 ಟಾಪ್ಸ್ ಇರಬೇಕೆಂದು ಗೆರೆ ಎಳೆದ ಮೇಲೆ ಲ್ಯಾಪ್‌ಟಾಪ್ ಜಾಹೀರಾತುಗಳ ತುಂಬ ಇದೇ ಮಾತು. ಇದು ಅಳೆದು ಪಡೆದ ಅಂಕಿಯೂ ಅಲ್ಲ. ಚಿಪ್ಪಿನಲ್ಲಿರುವ ಗುಣಿಸಿ ಕೂಡುವ ಘಟಕಗಳ ಸಂಖ್ಯೆಯನ್ನು ಗಡಿಯಾರದಿಂದ ಗುಣಿಸಿ, ಗುಣಿಸುವುದು ಒಂದು, ಕೂಡುವುದು ಒಂದು ಎಂದು ಎರಡರಿಂದ ಮತ್ತೆ ಗುಣಿಸಿದರೆ ಟಾಪ್ಸ್ ಸಿಗುತ್ತದೆ. ಆ ಘಟಕಗಳಿಗೆ ಹೊತ್ತಿಗೆ ಸರಿಯಾಗಿ ದತ್ತಾಂಶ ತಲುಪುತ್ತದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಲ್ಯಾಪ್‌ಟಾಪಿನಲ್ಲೇ ನಡೆಸಬಹುದಾದ 800 ಕೋಟಿ ತೂಕಾಂಕಗಳ ಒಂದು ಭಾಷಾ ಮಾದರಿಯನ್ನು ತೆಗೆದುಕೊಳ್ಳೋಣ. ಒಂದೊಂದು ತೂಕಾಂಕಕ್ಕೆ ಅರ್ಧ ಬೈಟ್ ಎಂದರೂ ಒಟ್ಟು 4 ಗಿಗಾಬೈಟ್. ಉತ್ತರದ ಒಂದೊಂದು ತುಣುಕು ಪದವನ್ನು ಹೊರಡಿಸುವಾಗಲೂ ಈ 4 ಗಿಗಾಬೈಟನ್ನು ಮೆಮೊರಿಯಿಂದ ಓದಬೇಕು. ಮೆಮೊರಿ ಸೆಕೆಂಡಿಗೆ 120 ಗಿಗಾಬೈಟ್ ಕೊಡಬಲ್ಲದಾದರೆ ಸೆಕೆಂಡಿಗೆ 30 ತುಣುಕುಗಳಿಗಿಂತ ಹೆಚ್ಚು ಬರಲು ಸಾಧ್ಯವೇ ಇಲ್ಲ. ಅದು 40 ಟಾಪ್ಸ್ ಇರಲಿ, 80 ಇರಲಿ, ಮಿತಿ ಅದೇ. ಪೆಂಟಿಯಂ 4ರ ಕಾಲದ ತಪ್ಪು ಇಪ್ಪತ್ತು ವರ್ಷಗಳ ಮೇಲೆ ಹೊಸ ಹೆಸರಿನಲ್ಲಿ ನಮ್ಮ ಮುಂದೆ ನಿಂತಿದೆ.

ನನ್ನ ವಾದಕ್ಕೆ ಬರಬಹುದಾದ ಅತ್ಯಂತ ಗಟ್ಟಿಯಾದ ಆಕ್ಷೇಪ ಇದು: ಸ್ಕೋರುಗಳಲ್ಲಿ ಇಷ್ಟೆಲ್ಲ ಕೊರತೆ ಇದ್ದರೂ ಸ್ಥೂಲವಾಗಿ ಅವು ಸರಿಯಾದ ದಿಕ್ಕನ್ನೇ ತೋರಿಸುತ್ತವೆ, ಹತ್ತು ವರ್ಷ ಹಳೆಯ ಚಿಪ್ಪಿಗಿಂತ ಇಂದಿನ ಚಿಪ್ಪಿನ ಸ್ಕೋರ್ ನಾಲ್ಕು ಪಟ್ಟಿದ್ದರೆ ಅದು ಬಹುಮಟ್ಟಿಗೆ ಎಲ್ಲ ಕೆಲಸದಲ್ಲೂ ವೇಗವಾಗಿರುತ್ತದೆ. ನಿಜ. ಇದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಷ್ಟು ದೊಡ್ಡ ಅಂತರವನ್ನು ತಿಳಿಯಲು ಸ್ಕೋರ್ ಬೇಕಾಗಿಯೇ ಇಲ್ಲ, ಚಿಪ್ ಹೊರಬಂದ ವರ್ಷ ಗೊತ್ತಿದ್ದರೆ ಸಾಕು. ಕೊಳ್ಳುವವನಿಗೆ ಸಹಾಯ ಬೇಕಾಗುವುದು ಒಂದೇ ಬೆಲೆಯ, ಒಂದೇ ವರ್ಷದ ಎರಡು ಮೂರು ಚಿಪ್ಪುಗಳ ನಡುವೆ. ಅಲ್ಲಿರುವ ಶೇಕಡಾ ಹತ್ತು ಹದಿನೈದರ ವ್ಯತ್ಯಾಸಕ್ಕಿಂತ ಕ್ಯಾಶ್, ಶಾಖ, ಕಂಪೈಲರ್, ಕೊಟ್ಟ ತೂಕ ಇವುಗಳಿಂದಾಗುವ ಏರುಪೇರು ದೊಡ್ಡದು. ಬೇಡವಾದಲ್ಲಿ ಸರಿಯಾಗಿದ್ದು ಬೇಕಾದಲ್ಲಿ ದಾರಿ ತಪ್ಪಿಸುವ ಅಳತೆಯನ್ನು ಸ್ಥೂಲವಾಗಿ ಸರಿ ಎಂದು ಹೊಗಳಲಾಗದು. ಸಾಮಾನ್ಯ ಜನಕ್ಕೆ ಸರಳವಾದ ಉತ್ತರ ಬೇಕು ಎಂಬ ಮಾತೂ ಕೇಳಿಬರುತ್ತದೆ. ನಿಮ್ಮ ಕೆಲಸ ಈ ಯಂತ್ರದಲ್ಲಿ ನಾಲ್ಕು ನಿಮಿಷ, ಆ ಯಂತ್ರದಲ್ಲಿ ಆರು ನಿಮಿಷ ಎನ್ನುವುದಕ್ಕಿಂತ ಸರಳವಾದ ಮಾತು ಯಾವುದಿದೆ? ಏಳು ಲಕ್ಷದ ಮೂವತ್ತೆರಡು ಸಾವಿರ ಎಂಬ ಸ್ಕೋರ್ ಸರಳವಲ್ಲ, ಅದು ಅಪಾರದರ್ಶಕ. ನಿಮಿಷ ಎಲ್ಲರಿಗೂ ಅರ್ಥವಾಗುತ್ತದೆ.

ಸ್ಪೆಕ್ ಸಂಸ್ಥೆಯನ್ನೇ ನೋಡಿ. ಅದರ 2017ರ ಸಂಪುಟದಲ್ಲಿ 43 ಪ್ರೋಗ್ರಾಮುಗಳಿವೆ, ನಾಲ್ಕು ಗುಂಪುಗಳಿವೆ. ಒಂದು ಕೆಲಸ ಎಷ್ಟು ಬೇಗ ಮುಗಿಯುತ್ತದೆ ಎಂಬುದನ್ನು, ಹಲವು ಕೆಲಸಗಳು ಒಟ್ಟಿಗೆ ಎಷ್ಟು ಮುಗಿಯುತ್ತವೆ ಎಂಬುದನ್ನು, ಪೂರ್ಣಾಂಕಕ್ಕೂ ದಶಮಾಂಶಕ್ಕೂ ಬೇರೆ ಬೇರೆಯಾಗಿ ಅದು ಅಳೆಯುತ್ತದೆ. ಎಲ್ಲರಿಗೂ ಒಂದೇ ತೆರನಾದ ಕಂಪೈಲರ್ ನಿಯಮವಿದ್ದಾಗಿನ ಫಲವನ್ನೂ, ಇಷ್ಟಬಂದಂತೆ ಹದಗೊಳಿಸಿದಾಗಿನ ಫಲವನ್ನೂ ಬೇರೆ ಬೇರೆ ಬರೆಯುತ್ತದೆ, ಒಂದೊಂದು ಪ್ರೋಗ್ರಾಮಿನ ಸಮಯವನ್ನೂ ಸೆಕೆಂಡುಗಳಲ್ಲಿ ಪ್ರಕಟಿಸುತ್ತದೆ. ಈ ನಾಲ್ಕು ಗುಂಪುಗಳನ್ನು ಕೂಡಿಸಿ ಒಂದು ಅಂಕಿ ಮಾಡುವುದಿಲ್ಲ. ಅದರ ಬೆಲೆ ಇರುವುದು ಆ ಬಿಡಿ ಸಮಯಗಳಲ್ಲಿ. ಜಾಹೀರಾತಿಗೆ ಹೋಗುವುದು ಮೇಲಿನ ಒಂದು ಸಾಲು. ಬೆಂಚ್‌ಮಾರ್ಕುಗಳನ್ನೇ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಅವು ಇಲ್ಲದಿದ್ದರೆ ತಯಾರಕರ ಮಾತೊಂದೇ ಉಳಿಯುತ್ತದೆ. ಬೆಂಚ್‌ಮಾರ್ಕನ್ನು ಬಿಡಿಸಿ ಓದಿ, ಅದರಲ್ಲಿ ನಿಮ್ಮ ಕೆಲಸಕ್ಕೆ ಹತ್ತಿರವಾದ ಪ್ರೋಗ್ರಾಮಿನ ಸಮಯವನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನು ಬಿಡಿ ಎನ್ನುತ್ತೇನೆ.

ಕೊಳ್ಳುವ ಮೊದಲು ತನ್ನ ಕೆಲಸವನ್ನು ಓಡಿಸಿ ನೋಡಲು ಒಬ್ಬಂಟಿ ಗ್ರಾಹಕನಿಗೆ ಸಾಧ್ಯವಾಗದೆ ಇರಬಹುದು. ವಿಮರ್ಶೆ ಬರೆಯುವವರಿಗೆ ಸಾಧ್ಯ, ಹತ್ತಾರು ಯಂತ್ರ ಒಟ್ಟಿಗೆ ಕೊಳ್ಳುವ ಸಂಸ್ಥೆಗಳಿಗೂ ಸಾಧ್ಯ. ಕನ್ನಡದಲ್ಲಿ ಕಂಪ್ಯೂಟರ್, ಮೊಬೈಲುಗಳ ಬಗ್ಗೆ ಬರೆಯುವವರು ಸ್ಕೋರ್ ಬಿಟ್ಟು ಕೆಲಸ ಬರೆಯಲಿ: ನಾನೂರು ಪುಟದ ಕನ್ನಡ ಪುಸ್ತಕವನ್ನು ಪಿಡಿಎಫ್ ಮಾಡಲು, ಸ್ಕ್ಯಾನ್ ಮಾಡಿದ ನೂರು ಹಳೆಯ ಪುಟಗಳಿಂದ ಅಕ್ಷರ ಗುರುತಿಸಲು, ಹತ್ತು ನಿಮಿಷದ ವಿಡಿಯೊ ಸಿದ್ಧಪಡಿಸಲು ಹಿಡಿದ ನಿಮಿಷ, ಕೋಣೆಯ ಉಷ್ಣತೆ, ಅರ್ಧ ಗಂಟೆಯ ಓಟದ ಮೇಲೆ ಉಳಿದ ವೇಗ, ಖರ್ಚಾದ ವಿದ್ಯುತ್. ಕಾಲೇಜು, ಮುದ್ರಣಾಲಯ, ಸರ್ಕಾರಿ ಕಚೇರಿಗಳಲ್ಲಿ ಟೆಂಡರ್ ಬರೆಯುವವರು ಇಷ್ಟು ಗಿಗಾಹರ್ಟ್ಸ್, ಇಷ್ಟು ಟಾಪ್ಸ್ ಇರಬೇಕು ಎಂಬ ಸಾಲನ್ನು ಹೊಡೆದುಹಾಕಿ, ಆ ಜಾಗದಲ್ಲಿ ತಮ್ಮ ಕೆಲಸದ ಹೆಸರನ್ನೂ ಅದು ಮುಗಿಯಬೇಕಾದ ನಿಮಿಷಗಳನ್ನೂ ಬರೆಯಲಿ. ಮಾರುವವರು ಯಂತ್ರ ತಂದಿಟ್ಟು, ಗಡಿಯಾರದ ಮುಂದೆ ಆ ಕೆಲಸವನ್ನು ಮಾಡಿ ತೋರಿಸಲಿ.